ಕಂದು ಗಾಜು

ಸಾಮಾನಿನ ಲೆಕ್ಕ ಬರೆಯುವ ಡೊರಿನೆಲ್ ಗಂಟಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, ತಲೆ ವಾಲಿಸಿ ಕೇಳಿಸಿಕೊಂಡು, "ಡಾಕ್ಟರೇ, ಚೀಟಿಯಲ್ಲಿ ಮರ ಅಂತ ಬರ್ದಿದ್ದೀರಿ. ಮರ ಹೀಗೆ ಸದ್ದು ಮಾಡಲ್ಲ" ಎಂದಾಗ ಒಕ್ತಾವ್ ಬರ್ಸಾನ್ ಬೆಳಗಿನ ಎರಡನೇ ಕಾಫಿ ಕುಡಿಯುತ್ತಿದ್ದ. ಕಾಫಿ ಚೆನ್ನಾಗಿತ್ತು, ಕಿಟಕಿಯಾಚೆ ಅಕ್ಟೋಬರಿನ ಬಿಸಿಲೂ ಚೆನ್ನಾಗಿತ್ತು. ರಾತ್ರಿಯಿಡೀ ಸಂಸ್ಥೆಯ ಗಾಮಾ ಕಿರಣದ ಕೋಣೆಯಲ್ಲಿ ಸುತ್ತಿ ಬಂದ ಪೆಟ್ಟಿಗೆಗಳೆಲ್ಲ ಸಾಲಾಗಿ ನಿಂತಿದ್ದವು. ಸಿರಿಂಜುಗಳ ಪೆಟ್ಟಿಗೆ ಹತ್ತು, ಕರಿಮೆಣಸಿನ ಚೀಲ ಆರು, ಯಾವುದೋ ಪತ್ರಾಗಾರದ ಬೂಷ್ಟು ಹಿಡಿದ ಕಡತಗಳು, ಅವುಗಳ ಕೊನೆಗೆ ಅತ್ತೆ ಪರಸ್ಕಿವಾ ಹಳೆಯ ದಿಂಬಿನ ಚೀಲದಲ್ಲಿ ಸುತ್ತಿ, ಬಟ್ಟೆ ಒಣಗಿಸುವ ಹಗ್ಗದಿಂದ ಬಿಗಿದು ಕೊಟ್ಟಿದ್ದ ಗಂಟು. ಎಲ್ಲದರ ಮೇಲೂ ಅಂಟಿಸಿದ್ದ ಹಳದಿ ಬಿಲ್ಲೆಗಳು ಕೆಂಪಾಗಿದ್ದವು. ಬಿಲ್ಲೆ ಕೆಂಪಾಯಿತೆಂದರೆ ಕಿರಣ ತಗುಲಿದೆ, ಒಳಗಿರುವ ಹುಳ ಹುಪ್ಪಟೆ ಸತ್ತಿದೆ, ಸಾಮಾನು ಮನೆಗೆ ಹೋಗಬಹುದು ಎಂದು ಅರ್ಥ. "ನಮ್ಮ ಅತ್ತೆಯವರ ಪಟ ಅದು. ಚೌಕಟ್ಟಿಗೆ ಮರಹುಳ ಬಿದ್ದಿತ್ತು" ಎಂದ ಒಕ್ತಾವ್. "ಚೌಕಟ್ಟು ಮರದ್ದೇ ಇರ್ಲಿ. ಚೌಕಟ್ಟಿನೊಳಗೆ ಏನಿದೆ?" ಎಂದು ಡೊರಿನೆಲ್ ಕೇಳಿದ. ಒಕ್ತಾವ್ ಲೋಟ ಹಿಡಿದೇ ಗಂಟಿನ ಹತ್ತಿರ ಬಂದ. ಹತ್ತೊಂಬತ್ತು ವರ್ಷ ಆ ಪಟದ ಕೆಳಗೆ ಕೂತು ಊಟ ಮಾಡಿದ್ದಾನೆ. ಅದರೊಳಗೆ ಏನಿದೆಯೆಂದು ಅವನಿಗೆ ತಿಳಿದಿರಲಿಲ್ಲ.

ಇಲ್ಲ, ತಿಳಿದಿತ್ತು, ಊಟದ ಚಿತ್ರ, ಯೇಸು ಮತ್ತು ಶಿಷ್ಯರು ಕಡೆಯ ಸಲ ಮೇಜಿಗೆ ಕೂತದ್ದು, ಅಷ್ಟು ತಿಳಿದಿತ್ತು. ಆದರೆ ಅದನ್ನು ಯಾವುದರ ಮೇಲೆ ಬರೆದಿದ್ದಾರೆ? ಹಲಗೆಯ ಮೇಲೋ, ಬಟ್ಟೆಯ ಮೇಲೋ? ಅತ್ತೆಯ ಮನೆಯ ಊಟದ ಮೇಜಿನಲ್ಲಿ ಅಳಿಯನ ಕುರ್ಚಿ ಗೋಡೆಯ ಕಡೆಗೆ. ಪಟ ಅವನ ತಲೆಯ ಹಿಂದೆ. ಎದುರಿಗೆ ಕಿಟಕಿ, ಕಿಟಕಿಯಾಚೆ ಪಕ್ಕದ ಕಟ್ಟಡದ ಬಾಲ್ಕನಿಗಳು, ಅಲ್ಲಿ ಒಣಗುವ ಬಟ್ಟೆಗಳನ್ನು ಬೇಕಾದರೆ ಅವನು ಬಣ್ಣ ಸಮೇತ ಹೇಳಬಲ್ಲ. ಮೂರು ವಾರದ ಹಿಂದೆ ಅತ್ತೆ, "ನನ್ನ ಮರಕ್ಕೆ ಹುಳ ಬಿದ್ದಿದೆ. ನನಗೆ ಕೇಳುತ್ತೆ ಕಣೋ, ಕರ ಕರ ಅಂತ ಇಡೀ ದಿನ ತಿಂತವೆ. ನನ್ನ ಅಜ್ಜಿ ಕಾಲದ್ದು ಅದು. ಒಂದ್ಸಲ ಮುರಿದು ಬಿದ್ರೆ ಆಯ್ತು" ಎಂದಾಗ ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವನು ತಂದುಕೊಟ್ಟ ಕರಿಮೆಣಸನ್ನೇ ಮುಟ್ಟದ ಹೆಂಗಸು. ಕಿರಣ ಅಂದರೆ ದೀಪದ ಬೆಳಕಿನ ಹಾಗೆ, ಆರಿಸಿದ ಮೇಲೆ ಕೋಣೆಯಲ್ಲಿ ಏನೂ ಉಳಿಯುವುದಿಲ್ಲ ಎಂದು ನೂರು ಸಲ ಹೇಳಿದರೂ ಮೆಣಸಿನ ಪೊಟ್ಟಣವನ್ನು ಬಾಲ್ಕನಿಯಲ್ಲಿಟ್ಟು ಬಾಗಿಲು ಹಾಕಿಕೊಂಡವಳು. ಅಂಥವಳು ತಾನಾಗಿ ಗಂಟು ಕಟ್ಟಿ ಕೈಗೆ ಕೊಟ್ಟು, "ಬಿಚ್ಚಿ ನೋಡ್ಬೇಕಾ?" ಎಂದು ಕೇಳಿದಳು. ಆಗಲಾದರೂ ನೋಡಬಾರದಿತ್ತೆ? ಜಂಭ ಬಿಡಬೇಕಲ್ಲ. "ಬಿಚ್ಚೋದೇ ಬೇಡ ಅತ್ತೆ, ನಮ್ಮ ಕಿರಣ ಎಲ್ಲವನ್ನೂ ದಾಟಿ ಹೋಗುತ್ತೆ" ಎಂದಿದ್ದ. ಬಂದ ಪ್ರತಿ ಸಾಮಾನನ್ನೂ ಬಿಚ್ಚಿ ನೋಡಿಯೇ ಒಳಗೆ ಕಳಿಸಬೇಕು ಎಂಬ ನಿಯಮದ ಹಾಳೆ ಡೊರಿನೆಲ್‌ನ ಮೇಜಿನ ಹಿಂದೆ ಗೋಡೆಗೆ ಅಂಟಿಕೊಂಡಿತ್ತು. ಕೆಳಗೆ ಸಹಿ ಡಾಕ್ಟರ್ ಒಕ್ತಾವ್ ಬರ್ಸಾನ್ ಅವರದ್ದು.

ಹಗ್ಗಕ್ಕೆ ಹನ್ನೊಂದು ಗಂಟು. ಹತ್ತನ್ನು ಬಿಚ್ಚಿದರು, ಒಂದನ್ನು ಕತ್ತರಿಸಿದರು. ದಿಂಬಿನ ಚೀಲದೊಳಗೆ ಕಂಬಳಿ, ಕಂಬಳಿಯೊಳಗೆ ಹಳೆಯ ಪತ್ರಿಕೆ, ಅದರೊಳಗೆ ಪಟ. ಡೊರಿನೆಲ್ ಅದನ್ನು ಕಿಟಕಿಯ ಕಡೆಗೆ ಹಿಡಿದ. ಗಾಜು. ಹಳ್ಳಿಯ ಕಡೆ ಗಾಜಿನ ಹಿಂಬದಿಗೆ ಬಣ್ಣ ಬಳಿದು, ಮುಂದಿನಿಂದ ನೋಡುವಂತೆ ಮಾಡುತ್ತಿದ್ದ ಪಟ. ಈ ದೇಶದಲ್ಲಿ ಹುಟ್ಟಿದ ಶಾಲೆಯ ಮಕ್ಕಳಿಗೂ ಗೊತ್ತಿರುವಂಥದ್ದು. ಆ ಗಾಜು ಈಗ ಕುದಿಸಿ ಇಳಿಸಿದ ಕಡು ಚಹಾದ ಬಣ್ಣಕ್ಕೆ ತಿರುಗಿತ್ತು. ಮೇಜಿನ ಬಿಳಿ ವಸ್ತ್ರದ ಮೇಲೆ ಯಾರೋ ಕಾಫಿ ಚೆಲ್ಲಿ ಒರೆಸಿದಂತಿತ್ತು, ನೀಲಿ ಅಂಗಿಗಳು ಶೀಸೆಯ ಹಸಿರಾಗಿದ್ದವು, ಮುಖಗಳೆಲ್ಲ ಕಂದು, ತಲೆಗಳ ಹಿಂದಿನ ಬಂಗಾರದ ಬಳೆಗಳು ತುಕ್ಕು ಹಿಡಿದಂತೆ ಮಂಕಾಗಿದ್ದವು. "ಹುಳ ಮಾತ್ರ ಸತ್ತಿವೆ, ಅದರಲ್ಲಿ ಅನುಮಾನ ಇಲ್ಲ" ಎಂದ ಡೊರಿನೆಲ್.

ಇದನ್ನು ಬೇರೆ ಯಾರಾದರೂ ಮಾಡಿದ್ದರೆ ಅವನು ಕ್ಷಮಿಸುತ್ತಿದ್ದ, ತಿಂಗಳುಗಟ್ಟಲೆ ಹಂಗಿಸಿ ಆಮೇಲೆ ಕ್ಷಮಿಸುತ್ತಿದ್ದ. ಆದರೆ ಗಾಮಾ ಕಿರಣ ಬಿದ್ದರೆ ಸಾದಾ ಗಾಜು ಕಂದಾಗುತ್ತದೆ ಎಂಬ ಒಂದೇ ವಿಷಯದ ಮೇಲೆ ನೂರ ಎಂಬತ್ತು ಪುಟ ಬರೆದು ಡಾಕ್ಟರ್ ಅನ್ನಿಸಿಕೊಂಡವನು ಈ ಕಟ್ಟಡದಲ್ಲಿ ಒಬ್ಬನೇ. ಎಷ್ಟು ಕಿರಣಕ್ಕೆ ಎಷ್ಟು ಕಂದು, ಯಾವ ಗಾಜಿಗೆ ಎಷ್ಟು, ಕತ್ತಲಲ್ಲಿಟ್ಟರೆ ಎಷ್ಟು ನಿಧಾನ, ಬೆಳಕಿಗಿಟ್ಟರೆ ಎಷ್ಟು ಬೇಗ ಅದು ಮತ್ತೆ ತಿಳಿಯಾಗುತ್ತದೆ, ಎಲ್ಲಕ್ಕೂ ಅವನ ಹತ್ತಿರ ನಕ್ಷೆಗಳಿದ್ದವು. ಮದುವೆಗೆ ಮುಂಚೆ ಸ್ಮರಾಂದಾ ಅವನನ್ನು ಮೊದಲ ಸಲ ಮನೆಗೆ ಕರೆದುಕೊಂಡು ಹೋದಾಗ ಅವಳ ಅಮ್ಮ, "ಏನು ಕೆಲಸ ಮಾಡ್ತೀಯಪ್ಪ?" ಎಂದು ಕೇಳಿದ್ದಳು. ಗಾಬರಿಯಲ್ಲಿ ಇವನು, "ಗಾಜನ್ನ ಕಂದು ಮಾಡ್ತೀನಿ" ಎಂದುಬಿಟ್ಟಿದ್ದ. "ಅದಕ್ಕೆ ಸಂಬಳ ಕೊಡ್ತಾರಾ?" ಎಂದು ಆಕೆ ನಿಜವಾಗಿಯೂ ಅಚ್ಚರಿಪಟ್ಟು ಕೇಳಿದ್ದು ಇವತ್ತಿಗೂ ಅವನ ಕಿವಿಯಲ್ಲಿದೆ. ಸಂಸ್ಥೆಯಲ್ಲಿ ಇದೊಂದು ಪದ್ಧತಿಯೇ ಆಗಿತ್ತು. ಯಾರದಾದರೂ ಮದುವೆಯೋ ನಿವೃತ್ತಿಯೋ ಆದರೆ ಅಂಗಡಿಯ ಆರು ಅಗ್ಗದ ಲೋಟಗಳನ್ನು ಸಿರಿಂಜುಗಳ ನಡುವೆ ತೂರಿಸಿ ಒಂದು ಸುತ್ತು ಕಳಿಸುವುದು. ಹೊರಬಂದಾಗ ಅವು ಜೇನಿನ ಬಣ್ಣಕ್ಕೆ, ಇನ್ನೂ ಒಂದು ಸುತ್ತು ಹಾಕಿದರೆ ಚಹಾದ ಬಣ್ಣಕ್ಕೆ ತಿರುಗಿರುತ್ತಿದ್ದವು. ಇಲ್ಲಿಯವರ ಮನೆಗಳಲ್ಲೆಲ್ಲ ಇಂಥ ಲೋಟಗಳು, ಈಗ ಅವನ ಕೈಯಲ್ಲಿದ್ದ ಕಾಫಿಯ ಲೋಟವೂ ಅಂಥದ್ದೇ. ಮದುವೆಯಲ್ಲಿ ಅವನು ಅತ್ತೆಗೆ ಕೊಟ್ಟ ಉಡುಗೊರೆಯೂ ಅದೇ, ಆರು ಕಡುಕಂದು ಲೋಟ. ಆಕೆ ಅವನ್ನು ಎರಡೂ ಕೈಯಲ್ಲಿ ದೂರ ಹಿಡಿದುಕೊಂಡು ಹೋಗಿ ಬೀರುವಿನಲ್ಲಿಟ್ಟಳು. ಅವುಗಳಲ್ಲಿ ಯಾರಿಗೂ ಒಂದು ಹನಿ ನೀರು ಕೊಟ್ಟಿಲ್ಲ.

"ಒಲೆಯಲ್ಲಿಟ್ಟು ಕಾಯಿಸಿದ್ರೆ ತಿಳಿಯಾಗುತ್ತಲ್ಲ ಡಾಕ್ಟರೇ. ನಿಮ್ಮ ಪುಸ್ತಕದಲ್ಲೇ ಇದೆ."

"ಗಾಜು ತಿಳಿಯಾಗುತ್ತೆ, ಬಣ್ಣ ಬೆಂದು ಉದುರುತ್ತೆ."

"ನೇರಳೆ ದೀಪದ ಬೆಳಕಿಗಿಟ್ರೆ?"

"ಅದಕ್ಕೆ ವಾರಗಟ್ಟಲೆ ಬೇಕು. ಇದು ಯಾವತ್ತಿಗೆ ಬೇಕು ಗೊತ್ತಾ? ಇವತ್ತು ಸಂಜೆ ಐದಕ್ಕೆ. ಅವರ ಹೆಸರಿನ ಹಬ್ಬ."

ಹದಿನಾಲ್ಕನೇ ತಾರೀಖು, ಅತ್ತೆಗೆ ಹೆಸರು ಕೊಟ್ಟ ಸಂತ ಪರಸ್ಕಿವಾಳ ದಿನ. ಡೊರಿನೆಲ್ ಕ್ಯಾಲೆಂಡರ್ ಕಡೆ ನೋಡಿ ಸಣ್ಣಗೆ ಸಿಳ್ಳೆ ಹಾಕಿದ. ಆಮೇಲೆ, "ಹಳೇ ಸಾಮಾನಿಗೆ ಈ ಬಣ್ಣ ಒಪ್ಪುತ್ತೆ ಅಂತ ಹೇಳಿ. ನಗರದಲ್ಲಿ ಇದಕ್ಕೇ ದುಡ್ಡು ಕೊಟ್ಟು ಮಾಡಿಸ್ಕೋತಾರೆ ಅನ್ನಿ" ಎಂದ. ಒಕ್ತಾವ್ ನಗಲಿಲ್ಲ. ಐದು ನಿಮಿಷ ಬಿಟ್ಟು ನೋಡಿಕೊಂಡರೆ, ಅದನ್ನೇ ಹೇಳಿದರೆ ಹೇಗೆ ಎಂದು ತಾನೇ ಯೋಚಿಸುತ್ತಿದ್ದ.

ಮಧ್ಯಾಹ್ನದವರೆಗೆ ಅವನು ಕೆಲಸ ಮಾಡಿದ, ಅಂದರೆ ಕೆಲಸ ಮಾಡುವವನಂತೆ ಓಡಾಡಿದ. ಕ್ಯಾಂಟೀನಿನಿಂದ ಕಂದು ಲೋಟವೊಂದನ್ನು ತಂದು ನೇರಳೆ ದೀಪದ ಕೆಳಗಿಟ್ಟು ಹತ್ತು ನಿಮಿಷಕ್ಕೊಮ್ಮೆ ಹೋಗಿ ನೋಡಿದ. ಎರಡು ತಾಸಿನ ಮೇಲೆ ಅಂಚಿನಲ್ಲಿ ಒಂದಿಷ್ಟು ತಿಳಿಯಾದಂತೆ ಕಂಡಿತು, ಅಥವಾ ಹಾಗೆ ಕಾಣಲೆಂದು ಅವನು ಬಯಸಿದ. ಇಷ್ಟು ವರ್ಷದಲ್ಲಿ ಅವನು ಯಾರ್ಯಾರ ದೇವರುಗಳನ್ನು ಉಳಿಸಿಕೊಟ್ಟಿಲ್ಲ? ಚರ್ಚಿನ ಕೆತ್ತನೆಯ ಬಾಗಿಲು, ಮಠದ ಪುಸ್ತಕಗಳು, ಒಬ್ಬ ಪಾದ್ರಿ ಲಾರಿಯಲ್ಲಿ ತಂದ ಅರ್ಧ ಗೋಡೆಯಷ್ಟು ಪಟಗಳು. ಒಂದೊಂದನ್ನೂ ಬೆಳಕಿಗೆ ಹಿಡಿದು, ಬೆನ್ನು ತಿರುಗಿಸಿ, ಮೊಳೆಯ ತುಕ್ಕನ್ನೂ ಬರೆದುಕೊಂಡು ಒಳಗೆ ಕಳಿಸಿದ್ದ. ಪರರ ಪಟಕ್ಕೆ ಅಷ್ಟು ಕಣ್ಣು, ಮನೆಯ ಪಟಕ್ಕೆ ಬೆನ್ನು. ಹಾಗೆ ನೋಡಿದರೆ ಅತ್ತೆಯನ್ನಾದರೂ ಅವನು ಯಾವಾಗ ಸರಿಯಾಗಿ ನೋಡಿದ್ದ? ಭಾನುವಾರ ಒಂದಕ್ಕೆ ಹೋಗುವುದು, ಎರಡೂವರೆಗೆ ಏಳುವುದು, ಆ ಒಂದೂವರೆ ತಾಸು ತಲೆಯಲ್ಲಿ ಯಾವುದಾದರೂ ನಕ್ಷೆಯ ಲೆಕ್ಕ ಹಾಕುತ್ತ ಹೂಂ ಹೂಂ ಎನ್ನುವುದು. ಕಳೆದ ಈಸ್ಟರಿನಲ್ಲಿ ಆಕೆ ಏನೋ ಕೇಳಿದಳು, ಅವನು ಹೂಂ ಎಂದ, ಮೇಜಿನವರೆಲ್ಲ ನಕ್ಕರು. ಏನು ಕೇಳಿದ್ದಳೆಂದು ಅವನು ಆಮೇಲೂ ವಿಚಾರಿಸಲಿಲ್ಲ. ನಕ್ಕದ್ದು ಈಗ, ಆರು ತಿಂಗಳ ಮೇಲೆ, ಕೆನ್ನೆಗೆ ಬಿಸಿಯಾಗಿ ತಟ್ಟಿತು. ನಾಲ್ಕು ಗಂಟೆಗೆ ಪಟವನ್ನು ಮತ್ತೆ ಪತ್ರಿಕೆ, ಕಂಬಳಿ, ದಿಂಬಿನ ಚೀಲದಲ್ಲಿ ಸುತ್ತಿ, ಉಳಿದ ಹಗ್ಗದಿಂದ ಕಟ್ಟಿದ. ಗಂಟು ಹಾಕಲು ಡೊರಿನೆಲ್ ಬೆರಳಿಟ್ಟು ಸಹಾಯ ಮಾಡಿದ.

ಕಾರಿನಲ್ಲಿ ಹೆಂಡತಿಗೆ ಹೇಳಿದ. ಸ್ಮರಾಂದಾ ಕೆಂಪು ದೀಪದಲ್ಲಿ ಕಾರು ನಿಲ್ಲಿಸಿ, ಹಿಂದಿನ ಸೀಟಿನ ಗಂಟನ್ನೂ ಗಂಡನನ್ನೂ ನೋಡಿ, ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ನಕ್ಕಳು. ಹಸಿರು ದೀಪ ಬಂದರೂ ನಗುತ್ತಿದ್ದಳು, ಹಿಂದಿನವರು ಹಾರನ್ ಹೊಡೆದರು. "ನೂರ ಎಂಬತ್ತು ಪುಟ ನಾನೇ ಟೈಪ್ ಮಾಡಿದ್ದು ಒಕ್ತಾವ್" ಎಂದಳು. ಆಮೇಲೆ ಕಣ್ಣೊರೆಸಿಕೊಂಡು, "ನೋಡು, ಇವತ್ತು ಏನೂ ಹೇಳ್ಬೇಡ. ಅಮ್ಮನ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸ್ಕೊ ಅಂದ್ರೆ ಕೇಳಲ್ಲ. ಅವಳಿಗೆ ಲೋಕಾನೇ ಕಂದಾಗಿ ಕಾಣುತ್ತೆ. ಗೋಡೆಗೆ ಹಾಕಿಬಿಡು. ಅದರ ಮುಂದೆ ನೀನೇ ಕೂತ್ಕೋತೀಯಲ್ಲ, ಯಾರಿಗೂ ಗೊತ್ತಾಗಲ್ಲ" ಎಂದಳು. ಆ ಮಾತು ಅವನಿಗೆ ಹಿತವಾಗಿತ್ತು, ಹಿತವಾದದ್ದಕ್ಕೆ ನಾಚಿಕೆಯೂ ಆಗಿತ್ತು. ನಾಲ್ಕು ಮಹಡಿ ಹತ್ತುವಷ್ಟರಲ್ಲಿ ನಾಚಿಕೆ ಕಡಿಮೆಯಾಗಿ ಹಿತವೇ ಉಳಿದಿತ್ತು.

ಬಾಗಿಲು ತೆಗೆದಾಗ ಎಲೆಕೋಸಿನ ಎಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ ಸರ್ಮಾಲೆಯ ಹಬೆ, ಸಬ್ಬಸಿಗೆಯ ವಾಸನೆ. ಪರಸ್ಕಿವಾ ಹೊಸ ತಲೆವಸ್ತ್ರ ಕಟ್ಟಿಕೊಂಡಿದ್ದಳು. ಹೂಗುಚ್ಛವನ್ನು ಮಗಳ ಕೈಗೇ ವಾಪಸು ಕೊಟ್ಟು, "ನೀರಿಗೆ ಹಾಕು" ಎಂದು, ನೇರ ಗಂಟಿಗೆ ಕೈಚಾಚಿದಳು. "ಹಗ್ಗ ಯಾಕೆ ಗಿಡ್ಡ ಆಯ್ತು?" ಎಂಬುದು ಆಕೆಯ ಮೊದಲ ಪ್ರಶ್ನೆ. ಒಂದು ಗಂಟು ಬಿಗಿಯಾಗಿತ್ತು, ಕತ್ತರಿಸಬೇಕಾಯಿತು ಎಂದು ಅವನು ಹೇಳಿದ. ಸುಳ್ಳೇನಲ್ಲ. ಆಕೆ ಮೇಜಿನ ಮೇಲೆ ಸುತ್ತು ಬಿಡಿಸಿ, ಪಟವನ್ನು ನೋಡದೆ ಮೊದಲು ಬಗ್ಗಿ ಚೌಕಟ್ಟಿಗೆ ಕಿವಿಯಿಟ್ಟಳು. ಒಂದು ಮೂಲೆಗೆ, ಇನ್ನೊಂದು ಮೂಲೆಗೆ, ನಾಲ್ಕಕ್ಕೂ. ಅಡುಗೆಮನೆಯಲ್ಲಿ ಸ್ಮರಾಂದಾ ನಲ್ಲಿ ಬಿಟ್ಟಿದ್ದನ್ನು ಕೈಸನ್ನೆಯಿಂದ ನಿಲ್ಲಿಸಿದಳು. ಮನೆಯೆಲ್ಲ ಸುಮ್ಮನಾಯಿತು. ಆಕೆಯ ಕಿವಿ ಮರಕ್ಕೆ ಒತ್ತಿಕೊಂಡಿತ್ತು, ಮುಖ ಇವನ ಕಡೆಗಿತ್ತು, ಪೊರೆ ಬಂದ ಕಣ್ಣು ಮುಚ್ಚಿತ್ತು. ಸುಕ್ಕಿನ ಕೆನ್ನೆಯಲ್ಲಿ ಸಣ್ಣ ಹುಡುಗಿಯ ಕುತೂಹಲ. ಈ ಮುಖ ಸ್ಮರಾಂದಾಳದ್ದೇ, ಹುಬ್ಬಿನ ತಿರುವೂ ಅದೇ, ಇದನ್ನೂ ಇವತ್ತೇ ನೋಡುತ್ತಿದ್ದೇನಲ್ಲ ಎಂದುಕೊಂಡ.

"ಒಂದೂ ಇಲ್ಲ" ಎಂದಳು ಪರಸ್ಕಿವಾ, ನೆಟ್ಟಗೆ ನಿಂತು. "ಎಲ್ಲ ಸತ್ತಿವೆ. ನನ್ನ ಗಂಡ ಸೀಮೆಎಣ್ಣೆ ಹಾಕಿ ಹಾಕಿ ಸೋತ, ನಮ್ಮಪ್ಪ ಮೇಣ ತುಂಬಿ ಸೋತ. ಇವನು ಬಿಚ್ಚದೆ, ಮುಟ್ಟದೆ ಕೊಂದುಬಿಟ್ಟ." ಅಡುಗೆಮನೆಯ ಕಡೆ ತಿರುಗಿ, ಮಗಳಿಗೆ ಕೇಳಿಸುವಂತೆ ಜೋರಾಗಿ, "ಸ್ಮರಾಂದಾ, ನಿನ್ನ ಗಂಡ ಕೆಲಸಕ್ಕೆ ಬರ್ತಾನೆ ಕಣೆ" ಎಂದಳು.

ಹತ್ತೊಂಬತ್ತು ವರ್ಷದಲ್ಲಿ ಇದು ಮೊದಲ ಸಲ. ಒಕ್ತಾವ್ ಸುಮ್ಮನಿದ್ದರೆ ಸಾಕಿತ್ತು. ಪಟ ಗೋಡೆಗೆ ಹೋಗುತ್ತಿತ್ತು, ಅವನು ಅದರ ಮುಂದೆ ಕೂರುತ್ತಿದ್ದ, ಭಾನುವಾರಗಳು ಒಂದರಿಂದ ಎರಡೂವರೆಯವರೆಗೆ ಹಾಗೆಯೇ ಸಾಗುತ್ತಿದ್ದವು, ಕರಿಮೆಣಸೂ ಬಾಲ್ಕನಿಯಿಂದ ಒಳಗೆ ಬರುತ್ತಿತ್ತೇನೋ. ಅಡುಗೆಮನೆಯ ಬಾಗಿಲಲ್ಲಿ ಹೂದಾನಿ ಹಿಡಿದು ನಿಂತ ಸ್ಮರಾಂದಾ ಬೇಡ ಎಂದು ಕಣ್ಣಲ್ಲೇ ಹೇಳುತ್ತಿದ್ದಳು. ಆದರೆ ಆ ಮೆಚ್ಚುಗೆ ಕೇಳಿ, ಕದ್ದ ಸರ್ಮಾಲೆಯನ್ನು ಬಾಯಲ್ಲಿಟ್ಟುಕೊಂಡು ನಿಂತವನ ಹಾಗಾಯಿತು ಅವನ ಸ್ಥಿತಿ.

"ಅತ್ತೆ, ದೀಪ ಹಾಕ್ತೀನಿ, ಪಟ ನೋಡಿ" ಎಂದ. "ನಾನು ಹಾಳು ಮಾಡಿದ್ದೀನಿ. ಗಾಜಿದೆ ಅಂತ ನನಗೆ ಗೊತ್ತಿರ್ಲಿಲ್ಲ. ನಾನು ಇದನ್ನ ಯಾವತ್ತೂ ನೋಡೇ ಇಲ್ಲ."

ಪರಸ್ಕಿವಾ ಪಟವನ್ನು ಎತ್ತಿ ದೀಪದ ಕೆಳಗೆ ಹಿಡಿದಳು, ಕಣ್ಣಿಗೆ ತೀರ ಹತ್ತಿರ, ಬಹಳ ಹೊತ್ತು. ಒಳಗಿನ ಊಟದವರು ಆಕೆಯ ಮೂಗಿನ ತುದಿಯಿಂದ ನಾಲ್ಕು ಬೆರಳು ದೂರದಲ್ಲಿದ್ದರು. ಅವನು ಕಾಯುತ್ತ ನಿಂತ. ಪ್ರಬಂಧದ ಪರೀಕ್ಷೆಯಲ್ಲೂ ಹೀಗೇ ನಿಂತಿದ್ದ.

"ಹೋಗುತ್ತಾ ಇದು?" ಎಂದು ಕೇಳಿದಳು.

"ಹೋಗುತ್ತೆ. ನಿಧಾನಕ್ಕೆ. ಕಿಟಕಿ ಬೆಳಕಲ್ಲಿಟ್ರೆ ಹತ್ತು ವರ್ಷ, ಹನ್ನೆರಡು ಆಗಬಹುದು. ಗೋಡೆ ಮೇಲಾದ್ರೆ ಇನ್ನೂ ಜಾಸ್ತಿ." ಹೇಳುತ್ತ ಹೇಳುತ್ತ ಆಕೆಗೆ ಎಂಬತ್ತೊಂದು ಎಂಬುದು ಅವನಿಗೆ ನೆನಪಾಯಿತು. ಲೆಕ್ಕ ಬಾಯಿಂದ ಹೊರಟಾಗಿತ್ತು, ವಾಪಸು ತೆಗೆದುಕೊಳ್ಳುವಂತಿರಲಿಲ್ಲ.

"ನಿನ್ನ ಪುಸ್ತಕದ ಲೆಕ್ಕಾನಾ?"

"ಹೂಂ."

"ಬಾ ಇಲ್ಲಿ" ಎಂದು ಆಕೆ ಬೀರುವಿನ ಹತ್ತಿರ ಹೋದಳು. ಬೀರುವಿಗೆ ಗಾಜಿನ ಬಾಗಿಲು, ಕಿಟಕಿಗೆ ಎದುರಾಗಿತ್ತು. ಒಳಗೆ ಅವನು ಮದುವೆಯಲ್ಲಿ ಕೊಟ್ಟ ಆರು ಲೋಟ, ಮುಂದೆ ಮೂರು, ಹಿಂದೆ ಮೂರು. ಹಿಂದಿನ ಸಾಲಿನಿಂದ ಒಂದನ್ನು ತೆಗೆದಳು, ಅದು ಜೇನಿನ ಬಣ್ಣಕ್ಕಿತ್ತು. ಮುಂದಿನ ಸಾಲಿನದನ್ನು ಪಕ್ಕದಲ್ಲಿಟ್ಟಳು. ಅದು ನೀರಿನಷ್ಟು ತಿಳಿ, ತಳದಲ್ಲಿ ಮಾತ್ರ ಒಂದು ಹಳದಿ ಗೆರೆ. "ಕೊಟ್ಟಾಗ ಆರೂ ಕರ್ರಗಿದ್ವು. ಇದು ಎಂಟು ವರ್ಷಕ್ಕೇ ಹೀಗಾಯ್ತು. ನಾನು ಪ್ರತಿ ಸಂತನ ದಿನ ತೆಗೆದು ಒರೆಸ್ತೀನಿ, ನೋಡ್ತೀನಿ. ಹನ್ನೆರಡಂತೆ. ಯಾವ ಕಿಟಕಿಯಲ್ಲಿ ಇಟ್ಟು ನೋಡಿದ್ದೆ ನೀನು?"

ಸಂಸ್ಥೆಯ ಕಿಟಕಿ ಉತ್ತರಕ್ಕೆ ಮುಖ ಮಾಡಿತ್ತು. ಅದನ್ನು ಪುಸ್ತಕದಲ್ಲಿ ಬರೆಯಲು ಅವನು ಮರೆತಿದ್ದ, ಯಾವ ಪರೀಕ್ಷಕನೂ ಕೇಳಿರಲಿಲ್ಲ. "ಬಿಸಿಲು ಬರದ ಕಿಟಕಿ" ಎಂದು ಒಪ್ಪಿಕೊಂಡ. ಪರಸ್ಕಿವಾ ತಲೆಯಾಡಿಸಿದಳು, ಅದು ತನಗೆ ಮೊದಲೇ ಗೊತ್ತಿತ್ತು ಎಂಬಂತೆ. "ಬಿಸಿಲಿಗಿಟ್ರೆ ಬಣ್ಣ ಏಳುತ್ತೆ, ಅದು ಬೇಡ. ಅಡುಗೆಮನೆ ಕಿಟಕಿಯಿಂದ ಎದುರು ಗೋಡೆಗೆ ಬೆಳಗಿನ ಬೆಳಕು ಬೀಳುತ್ತೆ, ಅಲ್ಲಿ ಹಾಕು. ಎಂಟು ವರ್ಷ. ನಾನಿರ್ತೀನಿ" ಎಂದಳು, ತರಕಾರಿಯವನಿಗೆ ನಾಳೆ ಬರ್ತೀನಿ ಎನ್ನುವ ಧಾಟಿಯಲ್ಲಿ. ಅವನ ಕಣ್ಣು ತುಂಬಿತು. ಸುತ್ತಿಗೆ ಹುಡುಕುವ ನೆಪದಲ್ಲಿ ಬಗ್ಗಿದ.

ಪಟ ಎದುರು ಗೋಡೆಗೆ, ಕಿಟಕಿಯ ಪಕ್ಕಕ್ಕೆ ಹೋಯಿತು. ಅವನು ಕೈತೊಳೆದು ಬಂದು ಎಂದಿನ ಕುರ್ಚಿಯಲ್ಲಿ ಕೂತ. ಈಗ ಅದು ನೇರ ಅವನ ಕಣ್ಣೆದುರಿಗಿತ್ತು, ಬಾಲ್ಕನಿಯ ಬಟ್ಟೆಗಳನ್ನು ನೋಡಬೇಕಾದರೆ ಅದನ್ನು ದಾಟಿಯೇ ನೋಡಬೇಕು. ಪರಸ್ಕಿವಾ ಆರು ಲೋಟಗಳಲ್ಲಿ ಮೂರನ್ನು ತೊಳೆದು ತಂದು, ಪ್ಲಮ್ ಹಣ್ಣಿನ ಸಾರಾಯಿ ಸುರಿದು, ಜೇನುಬಣ್ಣದ್ದನ್ನು ತಾನೇ ಇಟ್ಟುಕೊಂಡಳು. "ಅಲ್ಲಿ ಅಷ್ಟು ಜನ ಕೂತು ಕುಡೀತಿದ್ದಾರೆ, ಅವರಿಗೇನೂ ಆಗಿಲ್ಲ. ನನಗೇನಾಗುತ್ತೆ" ಎಂದು ಒಂದು ಗುಟುಕು ಕುಡಿದಳು. ಸ್ಮರಾಂದಾ ಸರ್ಮಾಲೆ ಬಡಿಸುತ್ತ ಗಂಡನ ಹೆಗಲನ್ನು ಮೊಣಕೈಯಿಂದ ತಿವಿದಳು. ಕಂದು ಗಾಜಿನೊಳಗೆ ಬ್ರೆಡ್ಡಿತ್ತು, ಮೀನಿತ್ತು, ಮೂಲಂಗಿಯಂಥದ್ದೇನೋ ಇತ್ತು. ಬಿಸಿಲಲ್ಲಿ ಹುಲ್ಲು ಕೊಯ್ದು ಬಂದವರ ಹಾಗೆ ಮುಖ ಕಪ್ಪಾದ ಗಂಡಸರು ಒತ್ತೊತ್ತಾಗಿ ಕೂತಿದ್ದರು. ಒಕ್ತಾವ್ ಎಣಿಸಿದ. ಮತ್ತೊಮ್ಮೆ ಎಣಿಸಿದ.

"ಅತ್ತೆ, ಹನ್ನೆರಡು ಶಿಷ್ಯರಲ್ಲಿ ಹನ್ನೊಂದೇ ಜನ ಇದ್ದಾರಲ್ಲ."

ಪರಸ್ಕಿವಾ ಚಮಚ ಕೆಳಗಿಟ್ಟಳು. "ಕೆಳಗೆ ನೋಡು" ಎಂದಳು.

ಮೇಜಿನ ಕೆಳಗೆ ಬರಿಗಾಲುಗಳ ಸಾಲು, ಒಂದೇ ಅಳತೆಯ ದಪ್ಪ ದಪ್ಪ ಪಾದಗಳು. ಯೇಸುವಿನದೂ ಸೇರಿ ಹದಿಮೂರು ಜೊತೆ. ಕೊನೆಯ ಜೊತೆಯ ಮೇಲೆ ಮೇಜಿತ್ತು, ಮೇಜಿನ ಮೇಲೆ ಚೌಕಟ್ಟಿತ್ತು, ಮನುಷ್ಯ ಇರಲಿಲ್ಲ. ಬರೆದವನಿಗೆ ಜಾಗ ಸಾಲದೆ ಹೋಗಿತ್ತು.

"ಕಾಲು ಬಂದಿದೆ, ತಲೆ ಬಂದಿಲ್ಲ" ಎಂದಳು ಪರಸ್ಕಿವಾ. "ನಮ್ಮಜ್ಜಿ ಕಾಲದಲ್ಲಿ ಅವನಿಗೆ ಹೆಸರಿರ್ಲಿಲ್ಲ. ನಿಮ್ಮ ಮದುವೆ ಆದ ವರ್ಷದಿಂದ ನಾನು ಅವನನ್ನ ಒಕ್ತಾವ್ ಅಂತ ಕರೀತೀನಿ. ಈ ಸಲ ಈಸ್ಟರಿನ ದಿನ ನಿನ್ನನ್ನೇ ಕೇಳಿದ್ದೆ, ಹಾಗೇ ಕರೀತಾ ಇರ್ಲಾ ಅಂತ. ನೀನು ಹೂಂ ಅಂದೆ."

ಸ್ಮರಾಂದಾ ತಟ್ಟೆಯ ಕಡೆ ತಲೆ ತಗ್ಗಿಸಿದಳು, ಅವಳ ಹೆಗಲು ಅಲುಗುತ್ತಿತ್ತು. ಒಕ್ತಾವ್ ಮೇಜಿನ ಕೆಳಗೆ ತನ್ನ ಕಾಲುಗಳನ್ನು ಹಿಂದಕ್ಕೆಳೆದುಕೊಂಡ. ಗಂಟೆ ಆರಾಗಿತ್ತು, ಆರೂವರೆಗೆ ಹೊರಡೋಣ ಎಂದು ಕಾರಿನಲ್ಲಿ ಮಾತಾಗಿತ್ತು. ಅವನು ತಟ್ಟೆಯನ್ನು ಇನ್ನೊಂದು ಸರ್ಮಾಲೆಗಾಗಿ ಅತ್ತೆಯ ಕಡೆ ಚಾಚಿ, "ಇವರಲ್ಲಿ ಯಾರ್ಯಾರು ಯಾರು, ಎಡಗಡೆಯಿಂದ ಹೇಳಿ" ಎಂದ.